ಆರು ನಿಮಿಷದ ದೂರ

ಕೊಚಬಾಂಬದ ಆಸ್ಪತ್ರೆ, ಎರಡನೆಯ ಮಹಡಿಯ ಓಣಿ.
ಮೂವತ್ತು ಮೀಟರು. ಟೇಪು ಹಿಡಿದು ನಾನೇ ಅಳೆದದ್ದು.
ಆ ತುದಿಗೊಂದು ಕಿತ್ತಳೆ ಬಣ್ಣದ ಶಂಕು, ಈ ತುದಿಗೊಂದು,
ನಡುವೆ ಫಿನಾಯಿಲು ಒರೆಸಿದ ನೆಲ,
ನೆಲದ ಮೇಲೆ ದಿಯೋನೀಸಿಯಾ ಕೋಲ್ಕೆ, ಐವತ್ತೆರಡು,
ಟೈರು ಕತ್ತರಿಸಿ ಹೊಲಿದ ಚಪ್ಪಲಿ, ನೆರಿಗೆ ತುಂಬಿದ ಲಂಗ,
ಬೆರಳ ತುದಿಗೆ ಕಚ್ಚಿಕೊಂಡ ಪುಟ್ಟ ಯಂತ್ರ.

"ಎಲ್ಲಿಗೆ ಹೋಗಬೇಕು?" ಅಂದಳು.
ಎಲ್ಲಿಗೂ ಇಲ್ಲ. ಹೋಗಿ ಬರಬೇಕು, ಬಂದು ಹೋಗಬೇಕು,
ಆರು ನಿಮಿಷ, ಆದಷ್ಟು ದೂರ.
"ಎಲ್ಲಿಗೂ ಹೋಗದ ದೂರ!" ನಕ್ಕುಬಿಟ್ಟಳು.
ಅವಳ ಊರಲ್ಲಿ ದೂರಕ್ಕೊಂದು ಏರು ಇರುತ್ತದೆ,
ಏರಿನ ತುದಿಗೆ ತಪ್ಪಿಸಿಕೊಂಡ ಕುರಿಯೋ,
ಆಲೂಗೆಡ್ಡೆಯ ಮೂಟೆಯೋ, ನೋವು ತಿನ್ನುವ ಸೊಸೆಯೋ.

ನಾನು ರುಫೀನೊ, ಗಡಿಯಾರ ಹಿಡಿಯುವವ.
ನಿಯಮದ ಪುಸ್ತಕ ನನಗೆ ಕೊಟ್ಟ ಮಾತು ಇಷ್ಟೇ:
ಒಂದಕ್ಕೆ, "ಚೆನ್ನಾಗಿ ನಡೆಯುತ್ತಿದ್ದೀರಿ, ಇನ್ನು ಐದಿದೆ."
ಎರಡಕ್ಕೆ, "ಹೀಗೇ ಸಾಗಲಿ, ನಾಲ್ಕಿದೆ."
ಬೇರೊಂದು ಸೊಲ್ಲು ಸೇರಿಸಬಾರದು,
ದನಿಗೆ ಬೆಲ್ಲ ಬೆರೆಯಬಾರದು.
ಅಕ್ಕರೆ ಸೇರಿದರೆ ಲೆಕ್ಕ ಕೆಡುತ್ತದಂತೆ,
ಶಾಭಾಸ್ ಅಂದರೆ ಜನ ಹತ್ತು ಮೀಟರು ಹೆಚ್ಚು ನಡೆಯುತ್ತಾರಂತೆ.
ನಡೆಯುತ್ತಾರೆ. ನಾನು ಬಲ್ಲೆ.

ಅವಳ ಎದೆಯೊಳಗಿನದು ಇವತ್ತು ನಿನ್ನೆಯದಲ್ಲ.
ಏಳು ವರ್ಷದ ಹುಡುಗಿ, ಮಣ್ಣಿನ ಗೋಡೆ, ಹುಲ್ಲಿನ ಸೂರು.
ದೀಪ ಆರಿದ ಮೇಲೆ ಬಿರುಕಿನಿಂದ ಇಳಿದು ಬಂತು ವಿಂಚೂಕ,
ತಿಗಣೆಯ ದೊಡ್ಡಣ್ಣ,
ತುಟಿಯ ಅಂಚಿಗೆ ಬಾಯಿಟ್ಟಿತು
ತಾಯಿ ಮುತ್ತಿಟ್ಟಷ್ಟು ಮೆಲ್ಲಗೆ.
ಕುಡಿಯಿತು, ಕುಡಿದಲ್ಲೇ ಹೇತು ಹೋಯಿತು.
ಉಂಡ ಮನೆಯ ಜಂತೆ ಎಣಿಸುವ ಜಾತಿ.
ಬೆಳಿಗ್ಗೆ ಅವಳು ತುರಿಸಿಕೊಂಡಳು. ಅಷ್ಟೇ.
ಆ ತುರಿಕೆಯ ಹಾದಿ ಹಿಡಿದು ಒಳಹೊಕ್ಕದ್ದು
ಬಾಡಿಗೆ ಕೊಡದೆ ಬಿಡಾರ ಹೂಡಿತು ಗುಂಡಿಗೆಯಲ್ಲಿ,
ನಲವತ್ತೈದು ವರ್ಷ, ಒಂದೊಂದೇ ನಾರು ಬಿಡಿಸುತ್ತ.
ಅಷ್ಟರಲ್ಲಿ ಅವಳು ಐವರನ್ನು ಹೆತ್ತಳು, ಒಬ್ಬನನ್ನು ಹೂತಳು,
ಗಂಡನ ಸಾಲ ತೀರಿಸಿ ಗಂಡನನ್ನೂ ಕಳಿಸಿದಳು.
ಗಟ್ಟಿ ಎದೆಯ ಹೆಂಗಸು, ಅನ್ನುತ್ತಿತ್ತು ಊರು.

"ಚೆನ್ನಾಗಿದೆ, ಅರ್ಧ ಮುಗಿಯಿತು."
ತುಟಿ ನೀಲಿ. ಗೋಡೆಗೆ ಕೈಕೊಟ್ಟು ನಿಂತಳು.
ನಡೆಯುವವರು ನಿಂತರೂ ಗಡಿಯಾರ ನಿಲ್ಲಬಾರದು.
ಇನ್ನೂರ ಇಪ್ಪತ್ತೆಂಟು ಮೀಟರು.
ಡಾಕ್ಟರ್ ಇರಿಯಾರ್ತೆ ಅಂಕಿಯ ಕೆಳಗೆ ಗೆರೆ ಎಳೆದರು,
ಗೆರೆಯ ಕೆಳಗೆ ತಾರೀಖು.

ಗುಂಡಿಗೆಯ ತುದಿ ಬಲೂನಿನ ಹಾಗೆ ಉಬ್ಬಿ
ಹಿಡಿದರೆ ಬೆಳಕು ಕಾಣುವಷ್ಟು ತೆಳುವಾಗಿತ್ತಂತೆ.
ಕತ್ತರಿಸಿ ತೇಪೆ ಹಾಕಿದರು.
ನಾನು ನೋಡಲಿಲ್ಲ. ರಕ್ತದ ಯಂತ್ರ ನಡೆಸುವ ಯೋವಾನ
ಕ್ಯಾಂಟೀನಿನಲ್ಲಿ ಸೂಪು ಆರಿಸುತ್ತ ಹೇಳಿದಳು:
"ಎಪ್ಪತ್ತೊಂದು ನಿಮಿಷ ಸುಮ್ಮನಿತ್ತು ಕಣೋ. ಬಿಟ್ಟಾಗ
ಮುನಿಸಿಕೊಂಡ ಮಗುವಿನ ಹಾಗೆ ಎರಡು ಸಲ ಅದುರಿ, ಆಮೇಲೆ ಶುರು."
ನಾನು ಆರಕ್ಕೇ ಸುಸ್ತಾಗುವವ.

ಆರು ತಿಂಗಳಾದ ಮೇಲೆ ಅದೇ ಓಣಿ, ಅದೇ ಶಂಕು.
ಈ ಸಲ ಎಲ್ಲಿಗೆಂದು ಕೇಳಲಿಲ್ಲ, ಹೊರಟೇಬಿಟ್ಟಳು.
ಒಂಬತ್ತನೆಯ ಸಲ ಓಣಿ ದಾಟುವಾಗ
ಗಾಲಿಕುರ್ಚಿಯ ಮುದುಕನ ಜಾರಿದ ಕಂಬಳಿ ಎತ್ತಿ ಹೊದಿಸಿದಳು.
ಹನ್ನೊಂದು ಸೆಕೆಂಡು ನಷ್ಟ. ಅದಕ್ಕೆ ಕಾಲಂ ಇಲ್ಲ.
ಐದನೆಯ ನಿಮಿಷಕ್ಕೆ ಪುಸ್ತಕದಲ್ಲಿಲ್ಲದ ಒಂದು ಪದ
ನನ್ನ ಬಾಯಿಂದ ಬಿತ್ತು: ಮಾಮಾಯ್.
ಹತ್ತು ಮೀಟರು ನನ್ನ ಪಾಪದ ಲೆಕ್ಕಕ್ಕೆ ಹಾಕಿ.

ಮುನ್ನೂರ ಅರವತ್ತಾರು.
ಕುರ್ಚಿಗೆ ಕೂತು, ಉಸಿರು ತಹಬಂದಿಗೆ ಬಂದ ಮೇಲೆ,
ಹೆಗಲ ಗಂಟು ಬಿಚ್ಚಿ ಬೆಂಕಿಪೊಟ್ಟಣ ತೆಗೆದಳು,
ದಾರ ಸುತ್ತಿದ್ದು.
"ನನ್ನದಾಯಿತಲ್ಲ, ಇದನ್ನು ನೋಡಿ.
ಮೊಮ್ಮಗನ ಹಾಸಿಗೆಯಲ್ಲಿ ಸಿಕ್ಕಿತು."
ಕಿವಿಗೆ ಹಿಡಿದೆ. ಒಳಗೆ ಕಾಗದ ಕೆರೆಯುವ ಸದ್ದು.

ದೂರ ಬರೆದೆ. ನಾಡಿ ಬರೆದೆ.
ಷರಾ ಎಂಬಲ್ಲಿ ಪೆನ್ನು ನಿಂತಿತು.
ಗಡಿಯಾರ ನಿಲ್ಲಿಸುವುದನ್ನೇ ಮರೆತಿದ್ದೆ, ಅಂಗೈಯಲ್ಲಿ
ಅದು ಇನ್ನೂ ನಡೆಯುತ್ತಿತ್ತು,
ಹನ್ನೊಂದು ನಿಮಿಷ, ಹನ್ನೆರಡು.