ತೂಕವಿಲ್ಲದ ಗಾಳ

ಮಾರ್ಗೇಟ್ ಊರಿನ ಟೈರ್ ಅಂಗಡಿ ಹಿಂದೆ
ಸ್ಕೇಲಿಟ್ಟು ಗೆರೆ ಎಳೆದಂಥ ಕಾಲುವೆ.
ಹೆಸರಿಲ್ಲ ಅದಕ್ಕೆ, ನಂಬರಿದೆ: ಸಿ-ಹದಿನಾಲ್ಕು.
ಮುಳುಗಿದ ತಳ್ಳುಗಾಡಿಯ ಕಂಬಿಗಳೊಳಗೆ
ಸಂಸಾರ ಹೂಡಿದ ಮಾಯನ್ ಮೀನು, ಆಸ್ಕರ್ ಮೀನು,
ಸೇತುವೆ ನೆರಳಲ್ಲಿ, ಬಾಲದ ಮೇಲೊಂದು ಸುಳ್ಳುಕಣ್ಣು ತೆರೆದು
ಕಾದು ನಿಂತ ಅಮೆಜಾನಿನ ನವಿಲು ಮೀನು.
ಇಲ್ಲಿಯದೇ ಅನ್ನುವಂಥದ್ದು ಏನಿದೆ ಈ ನೀರಲ್ಲಿ ಎಂದರೆ
"ಸೊಳ್ಳೆ" ಎಂದು ನಕ್ಕ ಎವರ್ಟನ್ ಪಿನಕ್.

ಜಮೈಕಾದವನು. ಶಾಲೆ ಬಸ್ಸು ಓಡಿಸಿ ನಿವೃತ್ತ.
ಸೋಮ, ಬುಧ, ಶುಕ್ರ, ನನ್ನ ನಾಲ್ಕನೇ ಕುರ್ಚಿಯಲ್ಲಿ
ನಾಲ್ಕು ಗಂಟೆ ಅವನ ರಕ್ತ ತೊಳೆಯುತ್ತೇನೆ.
ಶನಿವಾರ ಅವನು ನನಗೆ ಮೇಷ್ಟ್ರು.

"ಎರೆಹುಳ ಪೋಣಿಸಿ ಎಸೆಯೋದು ಬೇರೆ, ಇದು ಬೇರೆ.
ಈ ಗಾಳಕ್ಕೆ ತೂಕವೇ ಇಲ್ಲ. ಪುಕ್ಕ, ನೂಲು, ಅಷ್ಟೇ.
ದಾರದ ತೂಕವನ್ನೇ ಎಸೀಬೇಕು.
ತಲೆ ಪಕ್ಕ ಗಡಿಯಾರ ಇದೆ ಅಂದ್ಕೋ,
ಹತ್ತು ಗಂಟೆ, ಒಂದು ಗಂಟೆ, ಅಷ್ಟರೊಳಗೆ ಕೋಲು ಆಡಲಿ.
ಹಿಂದೆ ಹೋದ ದಾರ ಪೂರ್ತಿ ಬಿಚ್ಚಿಕೊಳ್ಳೋವರೆಗೆ ಕಾಯಿ.
ಅವಸರ ಪಟ್ಟರೆ ಚಾಟಿ."

ಮೂರು ಶನಿವಾರ ಚಾಟಿಯೇ.
ಒಮ್ಮೆ ನನ್ನ ಜಡೆಗೇ ಕಚ್ಚಿಕೊಂಡಿತು ಗಾಳ,
ಬಾತುಕೋಳಿಗಳ ಮುಂದೆ ಮಾನ ಹೋಯಿತು.
ಮೊಳದುದ್ದದ ಇಗ್ವಾನಾ ತಲೆ ಕುಣಿಸಿತು ಹೌದು ಹೌದೆಂದು.
ಓತಿಕ್ಯಾತಕ್ಕೆ ಬೇಲಿ ಸಾಕ್ಷಿಯಂತೆ,
ಬೇಲಿಯೇ ಇಲ್ಲದ ಈ ಊರಲ್ಲಿ ನಾನೇ ಸಾಕ್ಷಿ.

ಆಗ ಅವನು ಎಡಗೈ ಚಾಚಿ "ಮುಟ್ಟು" ಎಂದ.
ವಾರಕ್ಕೆ ಮೂರು ಸಲ ನಾನೇ ಸೂಜಿ ಏರಿಸುವ ಜಾಗ,
ಹಗ್ಗದ ಹಾಗೆ ಉಬ್ಬಿದ ನಾಳ,
ಒಳಗೆ ಝುಂ ಎನ್ನುವ ಹರಿವು.
"ಮೀನು ಮೂಗು ತಾಗಿಸಿದರೆ
ದಾರ ಬೆರಳಿಗೆ ಹೇಳೋದು ಹೀಗೇನೇ.
ನಿನಗೆ ಗೊತ್ತಿರೋ ವಿದ್ಯೆ."

ದಿನಕ್ಕೊಂದು ಲೀಟರ್ ನೀರಷ್ಟೇ ಅವನ ಪಾಲು.
ಐಸ್ ತುಂಡು ಚೀಪುತ್ತ
ದಡದಲ್ಲಿ ಕೂತು ಇಡೀ ಕಾಲುವೆ ನೋಡುತ್ತಾನೆ.

ನಮ್ಮಪ್ಪ ನೀರುಗಂಟಿ. ತುಂಗಭದ್ರಾ ಎಡದಂಡೆ,
ಮೂವತ್ತೊಂದನೇ ತೂಬು.
ಯಾರ ಗದ್ದೆಗೆ ಎಷ್ಟು ಗೇಣು ಎಂದು
ಕಡ್ಡಿ ನೆಟ್ಟು ಅಳೆದು ಬಿಡುತ್ತಿದ್ದ, ಬೈಸಿಕೊಳ್ಳುತ್ತಿದ್ದ.
ನಾನೂ ಅಳೆದೇ ಬಿಡುತ್ತೇನೆ, ನಿಮಿಷಕ್ಕೆ ನಾನೂರು ಮಿಲಿ.
ಬೈಯುವವರು ಇಲ್ಲೂ ಇದ್ದಾರೆ.

ಜೂನಿನ ಒಂದು ಬೆಳಗ್ಗೆ ಪಾಚಿಯಂಚಿನಲ್ಲಿ
ನೀರು ಕೆಂಪಗೆ ಕುದಿಯಿತು.
ರಾಗಿಕಾಳಿನಷ್ಟು ಬಾಯಿಗಳು, ಸಾವಿರ ಮರಿ,
ಒಟ್ಟಿಗೆ ಮೇಲೆ ಬಂದು ಗಾಳಿ ಕುಡಿದು ಇಳಿದವು.
ಅವುಗಳಡಿ ಒಂದು ತೊಲೆ ಅಲುಗಿತು.
"ಹಾವುತಲೆ!" ಎವರ್ಟನ್ ಪಿಸುಗುಟ್ಟಿದ. "ನಿಮ್ಮ ಕಡೆಯದು.
ಸಿಕ್ಕರೆ ಮತ್ತೆ ನೀರಿಗೆ ಬಿಡಬಾರದು.
ಮರಿಗಳ ನಡುವೆ ಹಾಕು.
ಹಸಿವಿಗಲ್ಲ ಅದು, ಸಿಟ್ಟಿಗೆ ಕಚ್ಚುತ್ತೆ."

ನನಗೆ ಗೊತ್ತು ಅದು. ಕೊರಮೀನು.
ಮೂವತ್ತೊಂದನೇ ತೂಬಿನ ಬಾಯಲ್ಲಿ ಇದೇ ಬೆನ್ನು,
ಬಾಲದ ಬುಡಕ್ಕೆ ಇದೇ ಬೊಟ್ಟು.
ಯಾರ ಗಾಜಿನ ತೊಟ್ಟಿಯಲ್ಲಿ ಹಿಡಿಸದೆ
ಯಾವ ರಾತ್ರಿ ಇಲ್ಲಿ ಸುರಿದು ಹೋದರೋ.

ಕೈ ಎದ್ದಿತು. ಹತ್ತು ಗಂಟೆ. ಒಂದು ಗಂಟೆ.
ಹಿಂದೆ ದಾರ ಪೂರ್ತಿ ಬಿಚ್ಚಿಕೊಂಡಿತು
ಮೊದಲ ಸಲ, ಸದ್ದಿಲ್ಲದೆ.
ಕಾಯಬೇಕಾದ ಆ ಒಂದು ಚಣದೊಳಗೆ
ಅಪ್ಪ ಬಂದು ನಿಂತ, ಮೊಣಕಾಲತನಕ ಕೆಸರು:
"ಮರಿ ಕಟ್ಕೊಂಡು ತಿರಗೂ ಮೀನಿಗೆ
ಗಾಳ ಹಾಕಬ್ಯಾಡ ನೋಡವಾ.
ಮುಂಗಾರಿ ಮುಗೀಲಿ."

ಮಣಿಕಟ್ಟು ಒಂದಿಷ್ಟು ಹೊರಳಿತು.
ಗಾಳ ಹೋಗಿ ಎರಡು ಮಾರು ಆಚೆ ಕೂತಿತು, ಹೂವಿಳಿದಂತೆ.
ತೊಲೆ ಅಷ್ಟು ದೂರ ಬಂತು. ನೋಡಿತು.
ಬೆರಳಿಗೆ ಝುಂ.
ಮತ್ತೆ ಮರಿಗಳಡಿಗೆ ಹೋಯಿತು.

"ತಪ್ಪಿತು" ಎಂದೆ.
"ತಪ್ಪೋದು ಹೇಗೆ ಅಂತ ಮೂರು ವಾರ ನೋಡಿದೀನಿ" ಎಂದ.

ಸೋಮವಾರ ಸೂಜಿ ಏರಿಸುವಾಗ ಎಲ್ಲ ಹೇಳಿದೆ.
ಪಂಪು ತಿರುಗತೊಡಗಿತು, ನಳಿಕೆ ಕೆಂಪಾಯಿತು.
"ನಿಮ್ಮಪ್ಪನ ಮಳೆಗಾಲ ಇಲ್ಲಿ ಯಾವಾಗ ಮುಗಿಯುತ್ತೆ?"
"ಅಕ್ಟೋಬರ್, ನವೆಂಬರ್."
ಕಣ್ಣು ಮುಚ್ಚಿಕೊಂಡ.
"ಹಾಗಾದರೆ ಅಲ್ಲಿವರೆಗೆ
ಸ್ವಲ್ಪ ನೆಟ್ಟಗೆ ತೊಳಿ, ಮಾರಾಯ್ತಿ."