ಅಕ್ಷರಕ್ಕೆ ಹನ್ನೆರಡು ರೂಪಾಯಿ

ನನ್ನ ದರ ಅಕ್ಷರಕ್ಕೆ ಹನ್ನೆರಡು ರೂಪಾಯಿ,
ಒತ್ತಿದ್ದರೆ ಇನ್ನೆರಡು.
ಹಾಗಾಗಿ ನನಗೆ 'ಅತ್ಯುತ್ತಮ' ಇಷ್ಟ, 'ಸುಪ್ರಸಿದ್ಧ' ಬಹಳ ಇಷ್ಟ,
'ಉತ್ಕೃಷ್ಟ' ಸಿಕ್ಕಿದ ದಿನ ಮನೆಗೆ ಅರ್ಧ ಕಿಲೋ ಬಂಗುಡೆ.
ಬಂದರು ರಸ್ತೆಯ ಅರ್ಧ ಬೋರ್ಡುಗಳು ನನ್ನ ಕೈಯವು:
ಎಲ್ಲರೂ ಅತ್ಯುತ್ತಮರು, ಎಲ್ಲರೂ ಸುಪ್ರಸಿದ್ಧರು,
ಸಾಲಾಗಿ ಕೂತು ನೊಣ ಹೊಡೆಯುವವರು.

ಸುಗಂಧಿ ಸಾಲ್ಯಾನರದು ಒಣಮೀನಿನ ಅಂಗಡಿ.
(ನಗಬೇಡಿ, ಹೆಸರು ಹೇಳುವಾಗ ಅವರೇ ಮೊದಲು ನಗುತ್ತಾರೆ.)
ಹಳೆಯ ಬೋರ್ಡನ್ನು ಉಪ್ಪುಗಾಳಿ ತಿಂದಿತ್ತು.
"ಎಂತ ಬರೆಯುವುದು?" ಅಂದೆ.
"ಇದ್ದದ್ದನ್ನೇ ಬರೆಯಿರಿ ಆರ್ಟಿಸ್ಟ್ರೇ,
ಅತ್ಯುತ್ತಮ ಗುಣಮಟ್ಟದ ಒಣಮೀನು,
ಮೂವತ್ತು ವರ್ಷಗಳ ವಿಶ್ವಾಸ, ಒಮ್ಮೆ ಭೇಟಿ ಕೊಡಿ."
ಮನಸ್ಸಿನಲ್ಲೇ ಒತ್ತುಗಳ ಲೆಕ್ಕ ಹಾಕಿಕೊಂಡೆ.

ಬಿಳಿ ಪ್ರೈಮರ್ ಒಣಗಬೇಕಲ್ಲ.
ತೂಗುಬಿಟ್ಟ ತೊರಕೆ ಮೀನಿನ ಕೆಳಗೆ
ಸ್ಟೂಲು ಎಳೆದುಕೊಂಡು ಎರಡು ಗಂಟೆ ಸುಮ್ಮನೆ ಕೂತೆ.

ತಲಪಾಡಿ ಬಸ್ಸಿಗೆ ಹೊರಟ ಟೀಚರು
ಗೊಲಾಯಿ ಎತ್ತಿದರು, ಇಟ್ಟರು, ಮತ್ತೆ ಎತ್ತಿದರು.
"ಬ್ಯಾಗಲ್ಲಿ ಮಕ್ಕಳ ಉತ್ತರಪತ್ರಿಕೆ ಉಂಟು," ಎಂದು ಹೋದರು.
ನರ್ಸಿಂಗ್ ಹಾಸ್ಟೆಲಿನ ಹುಡುಗಿ
ವಾರ್ಡನ್ನಿನ ಮೂಗಿನ ಬಗ್ಗೆ ಹೇಳಿದ್ದೇ ಹೇಳಿದ್ದು,
ಮೀನಿನ ರೇಟು ಕೇಳಲೇ ಇಲ್ಲ.
ಮಸ್ಕತ್ತಿಗೆ ಹೊರಟ ಇದ್ದಿನಬ್ಬ ಎಂಬವರು
"ಕಳೆದ ಸಲ ಸೂಟ್‌ಕೇಸು ಬಿಚ್ಚಿದರೆ
ನನ್ನ ಮದುವೆಯ ಕೋಟು ಕೂಡ ಒಣ ಸಿಗಡಿ, ಮಾರಾಯ್ರೇ!"
ಉಡುಪಿಯಲ್ಲಿ ಬಾಡಿಗೆಗಿರುವ ಬ್ಯಾಂಕಿನ ಹುಡುಗ:
"ಕೆಳಗೆ ಓನರು, ಬೆಳ್ಳುಳ್ಳಿಯನ್ನೂ ತಿನ್ನದವರು.
ಒಂದು ದಿನ ಹುರಿದರೆ ಮರುದಿನ ಬೇರೆ ಮನೆ ಹುಡುಕಬೇಕು."

"ಇವರಿಗೆಲ್ಲ ಮೀನು ಬೇಡವಾ?" ಅಂದೆ.
"ಬೇಡವಾದರೆ ಇಷ್ಟು ಹೊತ್ತು ನಿಲ್ಲುತ್ತಿದ್ದರಾ,"
ಅಂದವರು, ತಾವೇ ಅಂದದ್ದನ್ನು
ಆಗಷ್ಟೇ ಕೇಳಿಸಿಕೊಂಡವರ ಹಾಗೆ
ತಕ್ಕಡಿ ಹಿಡಿದ ಕೈ ಹಾಗೆಯೇ ನಿಲ್ಲಿಸಿದರು.

ಮೂವತ್ತು ವರ್ಷ. ತೂಕದಲ್ಲಿ ಮೋಸವಿಲ್ಲ,
ಮೀನಿನಲ್ಲಿ ಮರಳಿಲ್ಲ, ಹುಳವಿಲ್ಲ.
ಅದರ ಸಂಶಯ ಯಾರಿಗೂ ಇರಲಿಲ್ಲ.
ಕಷ್ಟವಿದ್ದದ್ದು ಅಂಗಡಿಯಿಂದ ಮನೆಯವರೆಗೆ.

ಸಂಜೆ ಬ್ರಷ್ಷು ಎತ್ತಿ ಬರೆದೆ:
ಬಸ್ಸಿನಲ್ಲಿ ಪಕ್ಕದವರಿಗೆ ಗೊತ್ತಾಗದು.
ಹದಿನಾಲ್ಕು ಅಕ್ಷರ, ನಾಲ್ಕು ಒತ್ತು,
ನೂರ ಎಪ್ಪತ್ತಾರು ರೂಪಾಯಿ.
ಅವರ ಹಳೆಯ ಸಾಲಿಗೆ ಇದರ ಎರಡು ಪಾಲು ಸಿಗುತ್ತಿತ್ತು.

ನಾಲ್ಕನೆಯ ದಿನ ಟೀಚರು ವಾಪಸು ಬಂದರು.
"ಗೊತ್ತಾಯಿತು," ಅಂದರು.
ನೇತ್ರಾವತಿಯ ಸೇತುವೆ ಬರುವ ಮೊದಲೇ
ಪಕ್ಕದ ಸೀಟು ಖಾಲಿಯಾಯಿತಂತೆ.

ನಾನು ಥಿನ್ನರ್ ಡಬ್ಬಿ ಹಿಡಿದೇ ಓಡಿದೆ, ಅಳಿಸಿಬಿಡೋಣವೆಂದು.
ಸುಗಂಧಿಯವರು ಬೋರ್ಡನ್ನೊಮ್ಮೆ ನೋಡಿದರು,
ಗಂಡನ ಮೇಲೆ ಬಂದ ದೂರನ್ನು ಕೇಳಿದವರ ಹಾಗೆ.
"ಅದು ಇರಲಿ," ಅಂದರು. "ತಪ್ಪು ಕಟ್ಟಿನದ್ದು."

ಆ ರಾತ್ರಿ ಪೇಪರು, ಅದರ ಮೇಲೆ ದಪ್ಪ ಪ್ಲಾಸ್ಟಿಕ್,
ಅಂಚನ್ನು ಮೇಣದಬತ್ತಿಗೆ ಹಿಡಿದು ಬೆಸೆದು,
ಅದರ ಮೇಲೆ ಇನ್ನೊಂದು.
ಬೆರಳು ಎರಡು ಕಡೆ ಸುಟ್ಟಿತು.
ಮರುದಿನ ಅಂಗಡಿ ಮುಚ್ಚಿ, ಮಡಿಲಲ್ಲಿ ಕಟ್ಟಿಟ್ಟುಕೊಂಡು
ತಲಪಾಡಿಗೆ ಹೋದರು, ಬಂದರು, ಮತ್ತೆ ಹೋದರು.
ಯಾರನ್ನೂ ಏನೂ ಕೇಳಲಿಲ್ಲ,
ಪಕ್ಕದವರ ಮೂಗನ್ನಷ್ಟೇ ನೋಡಿದರು.
ಮೊದಲ ಸಲ ಒಬ್ಬರು ಕಿಟಕಿ ಸರಿಸಿದರು.
ಎರಡನೆಯ ಸಲ, ಕಟ್ಟು ಬದಲಿಸಿದ ಮೇಲೆ, ಯಾರೂ ಅಲುಗಲಿಲ್ಲ.
ಮೂರನೆಯ ಸಲ ಅಪರಿಚಿತ ಹೆಂಗಸೊಬ್ಬಳು
ಅವರ ಭುಜಕ್ಕೊರಗಿ
ತೊಕ್ಕೊಟ್ಟಿನವರೆಗೆ ನಿದ್ದೆ ಹೋದಳಂತೆ.

ಈಗ ಟೀಚರು ಪ್ರತಿ ಶನಿವಾರ ಬರುತ್ತಾರೆ.
ಉಡುಪಿಯ ಹುಡುಗ ಬಂದು ನಿಂತು ಹೋಗುತ್ತಾನೆ.
ಹುರಿಯುವಾಗಿನ ವಾಸನೆಗೆ ಸುಗಂಧಿಯವರ ಬಳಿ ಮದ್ದಿಲ್ಲ.
"ಅದನ್ನು ಬರೆಯಬೇಡಿ," ಎಂದಿದ್ದಾರೆ,
"ಆದ ದಿನ ಹೇಳುತ್ತೇನೆ."
ಸಾಲಿನ ಕೆಳಗೆ ಅರ್ಧ ಅಡಿ ಬಿಳಿ
ಹಾಗೆಯೇ ಬಿಟ್ಟಿದ್ದೇನೆ.