ಗಬ್ಬೋ ಕೊಬ್ಬೋ

ದುಧನಿ ಸ್ಟೇಷನ್ ಹಿಂದ, ತಗಡಿನ ಶೆಡ್ಡಿನೊಳಗ
ಶೇವಂತಿ ನಿಂತಾಳ, ಬಾಗಲಕ್ಕ ಬೆನ್ನು ಕೊಟ್ಟು.
ಮಂದಿ ಬರ್ತಾರ, ಹಿಂದಿನಿಂದ ನೋಡ್ತಾರ,
ಬೀಡಿ ಹಚ್ತಾರ, ತೀರ್ಪು ಹೇಳಿ ಹೋಗ್ತಾರ.

ಗಬ್ಬ ಅದ, ಅಂತಾನ ಲಾಳ ಬಡಿಯೋ ದಾವಲಸಾಬ.
ಕೊಬ್ಬದು, ಅಂತಾನ ಅಡತಿ ಅಂಗಡಿ ಶಿವಶರಣ,
ಮದಿವಿ ಮನಿ ಬುಂದಿ ಅದು, ಮರಿ ಅಲ್ಲ.
ಇಬ್ಬರಿಗೂ ಶೇವಂತಿದು ಒಂದೇ ಉತ್ತರ:
ಬಾಲ ಬೀಸಿ ನೊಣ ಎಬ್ಬಿಸೋದು.

ಖರೇ ಹೇಳಬೇಕಂದ್ರ, ತಿಂದಾಳ.
ಹೋದ ವರ್ಷ ಇಪ್ಪತ್ತೇಳು ಮದುಮಕ್ಕಳನ್ನ ಹೊತ್ತಾಳ.
ಓಣಿಗೊಬ್ಬ ಮುದುಕಿ ಬೆಲ್ಲ ಹಿಡಿದು ನಿಂತಿರ್ತಿದ್ದಳು,
ಬೋರೋಟಿಯೊಳಗ ಒಬ್ಬಾಕಿ ಹೋಳಿಗಿ ಕೊಟ್ಟಳು, ತುಪ್ಪ ಹಚ್ಚಿ.
ಆಮ್ಯಾಲ ಮಳಿಗಾಲ ಪೂರಾ ನಿಂತಲ್ಲೇ ನಿಂತಾಳ,
ಬ್ಯಾಂಡಿಲ್ಲ, ಕುಣಿತಿಲ್ಲ.

ನಮ್ಮಪ್ಪ ಲಾಡ್ಲೆಸಾಬ ಹೇಳ್ತಿದ್ದ:
ಕೊಬ್ಬಾದ್ರ ಪಕ್ಕೆಲುಬು ಕೈಗೆ ಸಿಗಂಗಿಲ್ಲ,
ಬಾಲದ ಬುಡಕ ನಾದಿದ ಹಿಟ್ಟಿನಂಗ ಮೆತ್ತಗ.
ಗಬ್ಬಾದ್ರ ಹೊಟ್ಟಿ ಕೆಳಗಿಳೀತದ, ಒಂದು ಮಗ್ಗಲಿಗೆ ಜೋಲ್ತದ,
ಒಂದೇ ಕಡೆ ಹೇರಿದ ಚಕ್ಕಡಿ ಹಂಗ.
ಶೇವಂತಿಗೆ ಎಲುಬು ಸಿಗಂಗಿಲ್ಲ.
ಜೋತಾಳ ಕೂಡ. ಸಂಜೀಗೆ ಎಡಕ್ಕ,
ಮುಂಜಾನೆ ಬಲಕ್ಕ.

ಮತ್ತ ಒಂದು ರಾತ್ರಿ ಅದ ಲೆಕ್ಕಕ್ಕ.
ವೈಶಾಖದಾಗ, ಮೈಂದರ್ಗಿಯೊಳಗ ಜೋಡು ಮದಿವಿ,
ಅಳಿಯಂದ್ರು ಇಬ್ಬರು, ಕುದುರಿ ಎರಡು,
ಆ ಇನ್ನೊಂದು ಗಂಡು, ಕರೇದು, ಆಳಂದ ಕಡೇದು.
ನಸುಕಿನಾಗ ಎದ್ದು ನೋಡಿದ್ರ ಹಗ್ಗ ಹರದಿತ್ತು.
ಶೇವಂತಿ ಬೇಲಿಯಾಚೆ
ಏನೂ ಆಗದಾಕಿ ಹಂಗ ತೊಗರಿ ಕಟಗಿ ಜಗೀಲಾಕತ್ತಿದ್ದಳು.
ಹಗ್ಗ ಹಳೇದಿತ್ತು. ಅದೂ ಖರೇನ.

ಅಕ್ಕಲಕೋಟದಿಂದ ಡಾಕ್ಟರು ಬಂದ್ರು ಫಟಫಟಿ ಮ್ಯಾಲ,
ಭುಜದ ತನಕ ಬರೋ ಗ್ಲೋಜು ತಗದ್ರು.
ಶೇವಂತಿ ಕಿವಿ ಹಿಂದ ಮಾಡಿದಳು.
ಗ್ಲೋಜು ತಿರುಗಿ ಚೀಲದೊಳಗ ಹೋತು.
ಗಾಭಣ ಅಸೇಲ್, ಅಂದ್ರು ಬಾಗಲದಾಗ ನಿಂತು,
ಕಿಂವಾ ನಸೇಲ್.
ಇದ್ರೂ ಇದ್ದೀತು, ಇಲ್ಲದಿದ್ರೂ ಇಲ್ಲ;
ಮರಾಠಿಯೊಳಗ ಅ ತಗದು ನ ಇಟ್ರ ಮುಗೀತು.
ಫೀಜು ಮಾತ್ರ ಎರಡೂ ಭಾಷಾದಾಗ ನಾಕನೂರು.

ಸಂಜೀಗೆ ಕಡಲಿ ಡಬ್ಬಿ ಮುಂದ ಕುಂದ್ರತೀನಿ, ಕೈಯಾಗ ಸೇರು.
ಕೊಬ್ಬಾದ್ರ ಇವತ್ತಿಂದ ಕಡಲಿ ಬಂದ್.
ಗಬ್ಬಾದ್ರ ಇವತ್ತಿಂದ ಎರಡು ಸೇರು.
ಹಂಗ ತಪ್ಪಿದ್ರ ಗೊರಸಿಗೆ ಬೇನಿ ಬಂದು ಕುಂಟ್ತಾಳ,
ಹಿಂಗ ತಪ್ಪಿದ್ರ ಒಳಗಿಂದು ಉಪವಾಸ.
ಡೈರಿಯೊಳಗ ಹದಿನಾರು ಮುಂಗಡ.
ನಾಗಣಸೂರಿನ ಮದುಮಗ ತೊಂಬತ್ತು ಕಿಲೋ ಅಂತ
ಅವರ ಸೋದರಮಾವನೇ ನಕ್ಕೋಂತ ಹೇಳಿ ಹೋಗ್ಯಾನ.
ಸೇರು ಕೈಯಾಗೇ ಇರ್ತದ.
ಶೇವಂತಿ ನನ್ನ ನೋಡಂಗಿಲ್ಲ, ಸೇರು ನೋಡ್ತಾಳ.

ಊರೆಲ್ಲ ಕೇಳಿದ್ರಿ, ನನ್ನ ಕೇಳಿದ್ರೇನು?
ಅಂದಳು ನನ್ನಾಕಿ ಮಾಬೂಬಿ, ಮೂರು ಹಡದಾಕಿ.
ಕೇಳಿದ್ದಿಲ್ಲ.
ನಸುಕಿನಾಗ ತಣ್ಣೀರು ಕುಡಸ್ರಿ, ಮಗ್ಗಲಿಗೆ ಕೈ ಇಡ್ರಿ,
ಆಮ್ಯಾಲ ಸುಮ್ಮನಿರ್ರಿ.
ಸುಮ್ಮನಿರೋದು ನಿಮಗ ಬರಂಗಿಲ್ಲ,
ಅದಕ್ಕ ಗೊತ್ತಾಗಿಲ್ಲ.

ಪುಷ್ಯದ ಥಂಡಿ. ಬಕೀಟಿನ ನೀರು ಹಲ್ಲಿಗೆ ಜುಮ್ ಅನ್ನುವಷ್ಟು.
ಕುಡದಳು, ತುಟಿ ಜಾಡಿಸಿದಳು.
ಕೈ ಇಟ್ಟೆ. ಚಳಿಗಾಲದ ಕೂದಲು, ಬೆಚ್ಚಗ,
ಅದರ ಕೆಳಗ ಗುಡುಗುಡು, ನೀರಿಂದೇನ.
ಮೊದಲು ಸಿಕ್ಕಿದ್ದು ನನ್ನ ನಾಡಿ.
ಅದು ಸುಮ್ಮನಾಗೋ ತನಕ ನಿಂತೆ.
ಆಮ್ಯಾಲ ಏನೋ ತಟ್ಟಿತು, ಒಳಗಿನಿಂದ,
ಮೊಣಕೈಯಿಂದ ತಿವಿದಂಗ,
ಅಷ್ಟರಾಗ ವಾಡಿ ಕಡೆ ಗೂಡ್ಸ್ ಗಾಡಿ ಬಂತು.
ತಗಡು ನಡಗಿತು, ಬಕೀಟು, ನನ್ನ ಹಲ್ಲು,
ಯಾವುದು ಯಾರದು ಅನ್ನೋದು ತಿಳೀದಂಗ.
ಐವತ್ತೆಂಟು ಡಬ್ಬಿ. ಎಣಿಸಿದೆ.
ಕೈ ತಗೀಲಿಲ್ಲ.

ಹೊತ್ತೇರಿದ ಮ್ಯಾಲ ನಾಗಣಸೂರಿಗೆ ಫೋನ್ ಹಚ್ಚಿ
ಜೀಪು ನೋಡ್ಕೋರಿ, ಅಂದೆ.
ಯಾಕ, ಅಂದ್ರು. ಹೇಳಲಾಕ ಬರಲಿಲ್ಲ.
ಸಂಜೀಗೆ ಒಂದು ಸೇರು ತುಂಬಿ ಸುರಿದೆ,
ನಿಂತೆ, ತಿರುಗಿ ಒಂದು ಹಿಡಿ ತಗದೆ.
ಆ ಹಿಡಿ ಕಡಲಿ
ಇನ್ನೂ ಅಂಗಿ ಕಿಸೇದಾಗ ಅದ.